ಎರಿಗೆ ರೇಗರ್ ಎಂದವರು

ಈ ವಾರದ ಶಬ್ದ ರೇಗರ್. ಇಂಗ್ಲಿಷ್ ಕೋಶದಲ್ಲಿ ಇದೆ, ಇಂಗ್ಲಿಷರ ಬಾಯಲ್ಲಿ ಇಲ್ಲ. ನಮ್ಮ ಶಾಲೆಯ ಹುಡುಗರಿಗೆ ಮಾತ್ರ ಭೂಗೋಳದ ಪರೀಕ್ಷೆಗೆ ಬಾಯಿಪಾಠ: ಕಪ್ಪು ಮಣ್ಣಿಗೆ ರೇಗರ್ ಎಂದೂ ಹೆಸರು. ಅದೇ ಮಣ್ಣು ತುಳಿದು ಮನೆಗೆ ಹೋಗುವ ಇಂಡಿ ತಾಲ್ಲೂಕಿನ ಲಚ್ಯಾಣದ ಹುಡುಗ ಅದನ್ನು ಎರಿ ಎನ್ನುತ್ತಾನೆ.

ನನ್ನ ಮೆಚ್ಚಿನ ಹಾಬ್ಸನ್-ಜಾಬ್ಸನ್ ಕೋಶ (1886) ಈ ಶಬ್ದಕ್ಕೆ ಮರಳು ಎಂಬರ್ಥದ ಪಾರಸಿಯ 'ರೇಗ್' ಮೂಲವಿರಬಹುದೇ ಎಂದು ಅನುಮಾನಿಸಿ, ಕೋಶಕಾರ ವಿಲ್ಸನ್ ಕೊಟ್ಟ ತೆಲುಗಿನ 'ರೇಗಡಿ'ಯನ್ನೂ ಮುಂದಿಡುತ್ತದೆ. ತೆಲುಗಿನದೇ ಸರಿ. ಹಸಿ ಎರಿಯೊಳಗೆ ನಾಲ್ಕು ಹೆಜ್ಜೆ ಇಟ್ಟು ಚಪ್ಪಲಿ ಕಳಕೊಂಡವರು ಮರಳಿನ ವಾದ ಹೂಡಲಾರರು.

ನನ್ನ ಹಳೆಯ ತಕರಾರು 'ಕಪ್ಪು ಹತ್ತಿ ಮಣ್ಣು' ಎಂದು ಇಂಗ್ಲಿಷನ್ನು ಹಾಗೇ ಇಳಿಸಿದವರ ಮೇಲೆ. ಅದು ಹತ್ತಿ ಕೊಳ್ಳಲು ಬಂದವರು ಇಟ್ಟ ಹೆಸರು. ಇಂಡಿ, ಸಿಂದಗಿ ಕಡೆ ಎರಿ ಎಂದರೆ ಹಿಂಗಾರಿ ಜೋಳ. ಸೋಲಾಪುರ ಸೀಮೆಯ ಮೊಹೋಳದಲ್ಲಿ ಆರಿಸಿ ತೆಗೆದ ಎಂ 35-1 ಜೋಳದ ತಳಿ, ನಮ್ಮವರ ಮಾಲದಂಡಿ, ಬಿತ್ತಿದ ಮೇಲೆ ಮಳೆ ಕೈಕೊಟ್ಟರೂ ಎರಿ ಹಿಡಿದಿಟ್ಟ ಹಸಿಯ ಮೇಲೆಯೇ ತೆನೆ ಕಟ್ಟುತ್ತದೆ. ನೆಲ ಬಿರಿಯತೊಡಗಿದಾಗ ಸಾಲುಗಳ ನಡುವೆ ಎಡಿ (ಕುಂಟೆ) ಹೊಡೆಯುತ್ತಾರೆ. ಮೇಲಿನ ಪುಡಿಮಣ್ಣು ಬಿರುಕಿನ ಬಾಯಿ ಮುಚ್ಚಿ, ಒಳಗಿನ ಹಸಿ ಆರದಂತೆ ಕಾಯುತ್ತದೆ.

ಮಣ್ಣುವಿಜ್ಞಾನಿಗಳ 'ವರ್ಟಿಸೋಲ್' ನನಗೆ ಒಪ್ಪಿಗೆ. ತಿರುವು ಎಂಬರ್ಥದ ಲ್ಯಾಟಿನ್ ಧಾತು ಅದರೊಳಗಿದೆ. ಬೇಸಿಗೆಯಲ್ಲಿ ಮೇಲ್ಮಣ್ಣು ಬಿರುಕಿಗೆ ಉದುರುತ್ತದೆ. ಮಳೆ ಬಿದ್ದು ಜೇಡಿ ಉಬ್ಬಿದಾಗ ಆಳದ್ದು ಮೇಲೇಳುತ್ತದೆ. ಹೀಗೆ ನೆಲ ತನ್ನನ್ನು ತಾನೇ ಮಗುಚಿಕೊಳ್ಳುತ್ತದೆ. ಹೆಸರಿನಲ್ಲೇ ಮಣ್ಣಿನ ಗುಣ ಇದೆ. ರೇಗರ್ ಎಂದರೆ ನಮಗೆ ಬರೀ ಸದ್ದು.

ಅದಿರಲಿ, ಇದಕ್ಕಿಂತ ದೊಡ್ಡ ಕೊರತೆ ಬೇರೆ ಇದೆ. ಪಠ್ಯದ ನಕ್ಷೆ ನಮ್ಮ ಜಿಲ್ಲೆಗೆ ಒಂದೇ ಕಪ್ಪು ಬಳಿದು ಮುಗಿಸುತ್ತದೆ. ಎರಿಯ ಪಕ್ಕದಲ್ಲೇ ಮಡ್ಡಿ ಇದೆ. ಎರಡಕ್ಕೂ ತಾಯಿ ಅದೇ ಕರಿಗಲ್ಲು, ಆದರೆ ಮಡ್ಡಿಯಲ್ಲಿ ಗೇಣು ಮಣ್ಣಿನ ಕೆಳಗೆ ಕಲ್ಲು ಸಿಗುತ್ತದೆ. 2024ರ ಏಪ್ರಿಲ್‌ನಲ್ಲಿ ಲಚ್ಯಾಣದ ಕೊಳವೆಬಾವಿಗೆ ಬಿದ್ದ ಕೂಸಿಗಾಗಿ ಪಕ್ಕದಲ್ಲಿ ತೋಡುವಾಗ ಯಂತ್ರಗಳನ್ನು ತಡೆದದ್ದು ನೆಲದೊಳಗಿನ ಕಲ್ಲೇ. ಸುಮಾರು 20 ತಾಸಿನ ಮೇಲೆ ಕೂಸು ಜೀವಂತ ಹೊರಬಂತು. ಊರಿಗೆ ಊರೇ ಉಸಿರುಬಿಟ್ಟಿತು.

ಹೊಲ ಕೊಳ್ಳಲು ಬಂದವರು ಇಲ್ಲಿ ಎಕರೆ ಎಷ್ಟು ಎಂದು ಕೇಳುವ ಮೊದಲು ಕೇಳುವ ಮಾತು ಒಂದೇ: "ಎರಿ ಐತೋ, ಮಡ್ಡಿ ಐತೋ?" ದರದ ಮಾತು ಆಮೇಲೆ.