ಗೊಂಬೆಯ ಮನೆಯ ಬಾಗಿಲು ತೆರೆದಾಗ: 'ಟೈನಿ ಶೋಲ್ಡರ್ಸ್' ಸಾಕ್ಷ್ಯಚಿತ್ರದ ಒಂದು ದೈವಶಾಸ್ತ್ರೀಯ ವಿಮರ್ಶೆ

ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಹೊರಡಿಸಿದ 'ಇಂಟರ್ ಮಿರಿಫಿಕಾ' ಎಂಬ ಆಜ್ಞಾಪತ್ರವು, ಸಾಮಾಜಿಕ ಸಂಪರ್ಕ ಮಾಧ್ಯಮಗಳನ್ನು ವಿವೇಚನೆಯಿಂದ ನೋಡುವ ಶಿಕ್ಷಣ ಶ್ರೀಸಾಮಾನ್ಯರಿಗೆ ಮಾತ್ರವಲ್ಲ, ಯಾಜಕರಿಗೂ ಅಗತ್ಯವೆಂದು ಹೇಳಿತು. ನಮ್ಮ ಗುರುಮಠಗಳಲ್ಲಿ ಈ ಶಿಕ್ಷಣವು ಬಹುಮಟ್ಟಿಗೆ ಸಂತರ ಜೀವನಚಿತ್ರಗಳಿಗೆ ಸೀಮಿತವಾಗಿದೆ. ಕಳೆದ ವರ್ಷ ನಾನು ದೈವಶಾಸ್ತ್ರದ ವಿದ್ಯಾರ್ಥಿಗಳ ಮುಂದೆ ಬಾರ್ಬಿ ಗೊಂಬೆಯನ್ನು ಕುರಿತ ಸಾಕ್ಷ್ಯಚಿತ್ರವೊಂದನ್ನು ಇಟ್ಟಾಗ ಮೊದಲು ಕೇಳಿಬಂದದ್ದು ನಗು. ಪಾಪನಿವೇದನೆಯ ಸಂಸ್ಕಾರವನ್ನು ಬೋಧಿಸುವ ತರಗತಿಗೂ ಪ್ಲಾಸ್ಟಿಕ್ ಗೊಂಬೆಗೂ ಏನು ಸಂಬಂಧ ಎಂಬ ಪ್ರಶ್ನೆ ಆ ನಗುವಿನಲ್ಲಿತ್ತು. ಆ ಪ್ರಶ್ನೆಗೆ ಉತ್ತರ ಕೊಡುವ ಪ್ರಯತ್ನ ಈ ಲೇಖನ.

ಆಂಡ್ರಿಯಾ ನೆವಿನ್ಸ್ ನಿರ್ದೇಶಿಸಿದ 'ಟೈನಿ ಶೋಲ್ಡರ್ಸ್: ರೀಥಿಂಕಿಂಗ್ ಬಾರ್ಬಿ' 2018ರಲ್ಲಿ ತೆರೆಕಂಡಿತು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಎಲ್ ಸೆಗುಂಡೊ ಪಟ್ಟಣದಲ್ಲಿ ನೆಲೆಸಿರುವ ಮ್ಯಾಟೆಲ್ ಸಂಸ್ಥೆ ತನ್ನ ವಿನ್ಯಾಸಗಳನ್ನು ಪ್ರತಿಸ್ಪರ್ಧಿಗಳ ಕಣ್ಣಿಗೆ ಬೀಳದಂತೆ ಕಾಯುವುದಕ್ಕೆ ಹೆಸರಾದದ್ದು. 2016ರ ಜನವರಿಯಲ್ಲಿ ಅದು ಬಾರ್ಬಿಗೆ ಮೂರು ಹೊಸ ದೇಹಗಳನ್ನು ಕೊಟ್ಟಿತು: ತುಂಬಿದ ಮೈಯದು, ನೀಳವಾದುದು, ಗಿಡ್ಡನೆಯದು. ಇವುಗಳ ಜೊತೆಗೆ ಏಳು ಚರ್ಮವರ್ಣಗಳು, 22 ಬಗೆಯ ಕಣ್ಣಿನ ಬಣ್ಣಗಳು, 24 ಕೇಶವಿನ್ಯಾಸಗಳು. 1959ರ ಮಾರ್ಚ್ 9ರಂದು ನ್ಯೂಯಾರ್ಕಿನ ಆಟಿಕೆ ಮೇಳದಲ್ಲಿ ಮೊದಲು ಕಾಣಿಸಿಕೊಂಡ ಗೊಂಬೆಯ ಮೈಕಟ್ಟಿಗೆ ಅದುವರೆಗೆ ಬಂದ ಅತಿ ದೊಡ್ಡ ಬದಲಾವಣೆ ಇದು. ಈ ಯೋಜನೆಗೆ ಸಂಸ್ಥೆಯೊಳಗೆ 'ಪ್ರಾಜೆಕ್ಟ್ ಡಾನ್' ಎಂಬ ಗುಪ್ತನಾಮವಿತ್ತು. ವಿನ್ಯಾಸಕಾರರ ಮನೆಯವರಿಗೂ ವಿಷಯ ತಿಳಿಯಬಾರದೆಂಬಷ್ಟು ಎಚ್ಚರಿಕೆಯಿತ್ತು. ಅಂತಹ ಕೋಣೆಯೊಳಕ್ಕೆ ನೆವಿನ್ಸ್ ಅವರ ಕ್ಯಾಮೆರಾ ಪ್ರವೇಶ ಪಡೆಯುತ್ತದೆ.

ಚಿತ್ರದ ಗುಣಗಳನ್ನು ಮೊದಲು ಹೇಳುವುದು ನ್ಯಾಯ. ಒಂದು ಸಂಸ್ಥೆ ಎಂದರೆ ಮುಖವಿಲ್ಲದ ಯಂತ್ರವೆಂದು ನಾವು ಸುಲಭವಾಗಿ ಭಾವಿಸುತ್ತೇವೆ. ಈ ಚಿತ್ರ ಆ ಸೋಮಾರಿತನವನ್ನು ನಮಗೆ ಉಳಿಸಿಕೊಡುವುದಿಲ್ಲ. ವಿನ್ಯಾಸ ವಿಭಾಗದ ಮುಖ್ಯಸ್ಥೆ ಕಿಮ್ ಕಲ್ಮೋನ್, ಸಂಪರ್ಕ ವಿಭಾಗದ ಮಿಷೆಲ್ ಚಿಡೋನಿ ಮೊದಲಾದವರು ತಾವು ಮಾಡುತ್ತಿರುವುದು ಒಳ್ಳೆಯದೆಂದು ನಂಬಿದವರು, ಮತ್ತು ಲೋಕ ಅದನ್ನು ಹೇಗೆ ಸ್ವೀಕರಿಸುವುದೋ ಎಂದು ಅಳುಕುವವರು. ಇನ್ನೊಂದೆಡೆ ಗ್ಲೋರಿಯಾ ಸ್ಟೈನಮ್, ರಾಕ್ಸೇನ್ ಗೇ ಅವರಂತಹ ಸ್ತ್ರೀವಾದಿ ಲೇಖಕಿಯರಿಗೂ ಚಿತ್ರ ಮಾತಿನ ಅವಕಾಶ ಕೊಡುತ್ತದೆ. ಯಾವ ಆದರ್ಶದಿಂದ ತಮ್ಮ ತಲೆಮಾರಿನ ಹೆಂಗಸರು ಬಿಡಿಸಿಕೊಳ್ಳಲು ಹೆಣಗಿದರೋ ಅದೇ ಆದರ್ಶದ ಮೂರ್ತಿ ಈ ಗೊಂಬೆ ಎಂಬ ಸ್ಟೈನಮ್ ಅವರ ನಿಲುವನ್ನು ಚಿತ್ರ ಮೃದುಗೊಳಿಸುವುದಿಲ್ಲ. ಆರೋಪಿಯ ಮನೆಯಲ್ಲೇ ಕುಳಿತು ಆರೋಪವನ್ನು ಕೇಳಿಸುವ ಈ ಧೈರ್ಯ ಸಣ್ಣದಲ್ಲ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಬಾಗಿಲು ತೆರೆದವರು ಯಾರು, ಯಾವಾಗ ತೆರೆದರು? 2012ರಿಂದ 2014ರ ನಡುವೆ ಬಾರ್ಬಿಯ ಮಾರಾಟ ಶೇಕಡಾ 20ರಷ್ಟು ಕುಸಿದಿತ್ತು. ಡಿಸ್ನಿಯ ರಾಜಕುಮಾರಿ ಗೊಂಬೆಗಳನ್ನು ತಯಾರಿಸುವ ಪರವಾನಗಿ ಪ್ರತಿಸ್ಪರ್ಧಿಯಾದ ಹ್ಯಾಸ್ಬ್ರೊ ಸಂಸ್ಥೆಯ ಪಾಲಾಗಿತ್ತು. ಹಾಗಾದರೆ ಈ ಬದಲಾವಣೆ ಮನಸ್ಸಾಕ್ಷಿಯ ಫಲವೋ, ಲೆಕ್ಕಪುಸ್ತಕದ ಫಲವೋ? ನಮ್ಮ ತರಗತಿಯಲ್ಲಿ ಹೆಚ್ಚಿನವರು ತಡವಿಲ್ಲದೆ ತೀರ್ಪಿತ್ತರು: ಇದು ನಷ್ಟದ ಭಯ, ಆದುದರಿಂದ ಕಪಟ. ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. 1551ರಲ್ಲಿ ಟ್ರೆಂಟ್ ಮಹಾಸಭೆ ಪ್ರಾಯಶ್ಚಿತ್ತ ಸಂಸ್ಕಾರವನ್ನು ವಿವರಿಸುವಾಗ, ದೇವರ ಮೇಲಿನ ಪರಿಪೂರ್ಣ ಪ್ರೀತಿಯಿಂದ ಹುಟ್ಟುವ ಪಶ್ಚಾತ್ತಾಪದೊಂದಿಗೆ, ಪಾಪದ ಹೇಯತೆಯನ್ನು ನೆನೆದೋ ಶಿಕ್ಷೆಯ ಭಯದಿಂದಲೋ ಹುಟ್ಟುವ ಅಪೂರ್ಣ ಪಶ್ಚಾತ್ತಾಪವನ್ನೂ ಗುರುತಿಸಿತು. ಪಾಪ ಮಾಡುವ ಇಚ್ಛೆಯನ್ನು ಅದು ತೊರೆದಿದ್ದರೆ, ಅದು ಕಪಟವಲ್ಲ, ದೇವರ ಕೊಡುಗೆಯೇ. ನಮ್ಮ ಪಾಪನಿವೇದನೆಯ ಪೀಠದ ಬಳಿಗೆ ಬರುವವರೆಲ್ಲರೂ ಪರಿಪೂರ್ಣ ಪ್ರೀತಿಯಿಂದಲೇ ಬರುವುದಿಲ್ಲ. ನಾವೂ ಹಾಗೆ ಹೋಗುವುದಿಲ್ಲ. ದುಂದುಗಾರ ಮಗನನ್ನು ಮನೆಯ ದಾರಿ ಹಿಡಿಸಿದ್ದು ಮೊದಲಿಗೆ ಹಸಿವು. ಆದ್ದರಿಂದ ಮ್ಯಾಟೆಲ್ ಸಂಸ್ಥೆಯ ಬದಲಾವಣೆ ಮಾರುಕಟ್ಟೆಯ ಪೆಟ್ಟಿನಿಂದ ಆರಂಭವಾಯಿತು ಎಂಬುದೊಂದೇ ಕಾರಣಕ್ಕೆ ಅದನ್ನು ತಳ್ಳಿಹಾಕುವ ಅಧಿಕಾರ ನಮಗಿಲ್ಲ.

ಕೊರತೆ ಇರುವುದು ಉದ್ದೇಶದಲ್ಲಿ ಅಲ್ಲ, ಮುಂದಿನ ಎರಡು ಹೆಜ್ಜೆಗಳಲ್ಲಿ. ಪಶ್ಚಾತ್ತಾಪದ ನಂತರ ನಿವೇದನೆ ಬರಬೇಕು, ನಿವೇದನೆಯ ನಂತರ ಪರಿಹಾರ. ನಿವೇದನೆಯೆಂದರೆ ಮಾಡಿದ್ದನ್ನು ಹೆಸರಿಟ್ಟು ಹೇಳುವುದು. ಈ ಸಂಸ್ಥೆಯ ಚರಿತ್ರೆಯಲ್ಲಿ ಹೆಸರಿಟ್ಟು ಹೇಳಬೇಕಾದವು ಇವೆ. 1965ರಲ್ಲಿ ಬಂದ ಒಂದು ಬಾರ್ಬಿಯೊಡನೆ 110 ಪೌಂಡುಗಳನ್ನು ಮಾತ್ರ ತೋರಿಸುವ ತೂಕದ ಯಂತ್ರವಿತ್ತು. ತೂಕ ಇಳಿಸುವುದು ಹೇಗೆಂಬ ಪುಟ್ಟ ಪುಸ್ತಕವೂ ಇತ್ತು. ಊಟ ಮಾಡಬೇಡ ಎಂಬುದೇ ಅದರ ಉಪದೇಶ. 1992ರ ಮಾತನಾಡುವ ಬಾರ್ಬಿ ಗಣಿತದ ತರಗತಿ ಕಷ್ಟವೆಂದು ಹೆಣ್ಣುಮಕ್ಕಳಿಗೆ ಹೇಳಿತು. ಇವುಗಳ ಮುಂದೆ 2016ರ ಸಿದ್ಧತೆಯನ್ನು ಇಟ್ಟು ನೋಡಿ. ಹೊಸ ದೇಹಗಳಿಗೆ ಯಾವ ಪದ ಬಳಸಬೇಕು, ಬೇರೆ ಬೇರೆ ಭಾಷೆಗಳಲ್ಲಿ ಯಾವ ಪದ ಯಾರನ್ನೂ ನೋಯಿಸದು, ಯಾವ ಪತ್ರಿಕೆಗೆ ಸುದ್ದಿ ಮೊದಲು ಸಿಗಬೇಕು ಎಂಬುದರಲ್ಲಿ ಅಪಾರ ಶ್ರಮ ವ್ಯಯವಾಗುತ್ತದೆ. 'ನಾವು ಏನು ಘೋಷಿಸಬೇಕು' ಎಂಬುದು ಸದಾ ಎದುರಿಗಿದೆ. 'ನಾವು ಯಾರಿಗೆ ಏನು ಮಾಡಿದೆವು' ಎಂಬುದು ಹಿನ್ನೆಲೆಗೆ ಸರಿದಿದೆ. ಘೋಷಣೆ ನಿವೇದನೆಯ ವೇಷ ತೊಡಬಲ್ಲದು. ಆದರೆ ಅದರ ಕೆಲಸ ಮಾಡಲಾರದು. ಜಕ್ಕಾಯನು ಮರದಿಂದ ಇಳಿದು, ತಾನಿನ್ನು ಬೇರೆ ಮನುಷ್ಯನೆಂದಷ್ಟೇ ಹೇಳಿ ಸುಮ್ಮನಾಗಲಿಲ್ಲ. ಮೋಸ ಮಾಡಿ ಪಡೆದದ್ದನ್ನು ನಾಲ್ಕರಷ್ಟಾಗಿ ಹಿಂದಿರುಗಿಸುವ ಲೆಕ್ಕ ಕೊಟ್ಟನು.

ಚಿತ್ರದ ಇನ್ನೊಂದು ಮಿತಿ ಅದರ ಕಣ್ಣಿನ ವ್ಯಾಪ್ತಿಯದು. ಅದು ವಿನ್ಯಾಸ ಕೇಂದ್ರದಲ್ಲಿ, ಸಭೆಗಳಲ್ಲಿ, ದೂರವಾಣಿ ಕರೆಗಳಲ್ಲಿ ನೆಲೆಸುತ್ತದೆ. ಗೊಂಬೆ ಹುಟ್ಟುವುದು ಅಲ್ಲಿ ಮಾತ್ರವಲ್ಲ. ಏಷ್ಯಾದ ಕಾರ್ಖಾನೆಗಳಲ್ಲಿ ಅದರ ಕೈಕಾಲು ಜೋಡಿಸುವ, ಕೂದಲು ಹೊಲಿಯುವ ಹೆಂಗಸರ ದೇಹಗಳೂ ಈ ಕಥೆಯ ಭಾಗ. ಸಂತ ಎರಡನೆಯ ಜಾನ್ ಪಾಲ್ 1981ರ 'ಲಬೋರೆಂ ಎಕ್ಸೆರ್ಚೆನ್ಸ್' ವಿಶ್ವಪತ್ರದಲ್ಲಿ, ದುಡಿಮೆಯ ಮೌಲ್ಯವನ್ನು ತಯಾರಾದ ವಸ್ತುವಿನಿಂದಲ್ಲ, ದುಡಿಯುವ ವ್ಯಕ್ತಿಯಿಂದ ಅಳೆಯಬೇಕೆಂದು ಕಲಿಸಿದರು. ಸ್ತ್ರೀದೇಹದ ಘನತೆಯನ್ನು ಕುರಿತ ಚರ್ಚೆಯು ದುಡಿಯುವ ಸ್ತ್ರೀದೇಹವನ್ನು ಮರೆತರೆ ಅರ್ಧವಾಗಿಯೇ ಉಳಿಯುತ್ತದೆ.

ಇನ್ನು ದೇಹದ ವಿಷಯ. ಹೊಸ ಗೊಂಬೆಗಳನ್ನು ಚಿಕ್ಕ ಮಕ್ಕಳ ಕೈಗೆ ಕೊಟ್ಟು ಪರೀಕ್ಷಿಸಿದಾಗ ನಡೆದುದನ್ನು ಆ ವರ್ಷ 'ಟೈಮ್' ಪತ್ರಿಕೆ ವರದಿ ಮಾಡಿತು. ತುಂಬಿದ ಮೈಯ ಗೊಂಬೆಯನ್ನು ನೋಡಿ ಕೆಲವು ಮಕ್ಕಳು ನಕ್ಕರು. ಒಬ್ಬ ಹುಡುಗಿ ಮಾತ್ರ ದಪ್ಪ ಎಂಬರ್ಥದ ಪದವನ್ನು ಉಚ್ಚರಿಸದೆ, ಗೊಂಬೆಗೆ ನೋವಾದೀತೆಂದು ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳಿದಳು. ಈ ಪುಟ್ಟ ಘಟನೆಯಲ್ಲಿ ಕರುಣೆಯೂ ಇದೆ, ದುರಂತವೂ ಇದೆ. ನೋಯಿಸಬಾರದೆಂದು ಆ ಮಗುವಿಗೆ ಗೊತ್ತು. ಆದರೆ ಅಂತಹ ದೇಹ ಎಂದರೆ ನಾಚಿಕೆಯ ವಿಷಯ ಎಂಬುದೂ ಅಷ್ಟರಲ್ಲಾಗಲೇ ಅದಕ್ಕೆ ಗೊತ್ತಾಗಿಬಿಟ್ಟಿದೆ. ಅಚ್ಚನ್ನು ಒಂದು ವರ್ಷದಲ್ಲಿ ಬದಲಿಸಬಹುದು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ತರಬೇತಿಗೊಂಡ ಕಣ್ಣನ್ನು ಹಾಗೆ ಬದಲಿಸಲಾಗದು. ಸಮುವೇಲನಿಗೆ ಜೆಸ್ಸೆಯನ ಮನೆಯಲ್ಲಿ ಪ್ರಭು ತಿದ್ದಿದ್ದು ಇಂತಹ ಕಣ್ಣನ್ನೇ.

ಆದಿಕಾಂಡದ ಮೊದಲ ಅಧ್ಯಾಯ ಸ್ತ್ರೀಪುರುಷರಿಬ್ಬರನ್ನೂ ದೇವರ ಸ್ವರೂಪವೆನ್ನುತ್ತದೆ. ಈ ಘನತೆ ಅಂಗಡಿಯ ಕಪಾಟಿನಲ್ಲಿ ನನ್ನಂತಹ ಗೊಂಬೆ ಇದೆಯೇ ಇಲ್ಲವೇ ಎಂಬುದರಿಂದ ಹುಟ್ಟುವುದಿಲ್ಲ. ನಾಲ್ಕು ಅಚ್ಚುಗಳ ಬದಲು ನಾನೂರು ಅಚ್ಚುಗಳಿದ್ದರೂ ಐದನೂರನೆಯ ಮಗು ಹೊರಗೇ ನಿಲ್ಲುತ್ತದೆ. ಈ ಮಾತನ್ನು ನಾವು ಸುಲಭವಾಗಿ ಹೇಳುತ್ತೇವೆ. ಆದರೆ ಅದನ್ನು ಹೇಳುವ ಮುನ್ನ ನಮ್ಮ ದೇವಾಲಯಗಳತ್ತ ಒಮ್ಮೆ ನೋಡಬೇಕು. 1968ರಲ್ಲಿ ಕ್ರಿಸ್ಟಿ ಎಂಬ ಕಪ್ಪು ಗೆಳತಿಯನ್ನೂ, 1980ರಲ್ಲಿ ಬಾರ್ಬಿ ಎಂಬ ಹೆಸರನ್ನೇ ಹೊತ್ತ ಕಪ್ಪು ಗೊಂಬೆಯನ್ನೂ ಆ ಸಂಸ್ಥೆ ತಂದಿತು. ತಡವಾಗಿ, ಲಾಭಕ್ಕಾಗಿ, ಆದರೂ ತಂದಿತು. ನಮ್ಮ ಎಷ್ಟು ಧರ್ಮಕೇಂದ್ರಗಳಲ್ಲಿ ಮಾತೆ ಮರಿಯಮ್ಮನವರ ಮುಖ ಇಂದಿಗೂ ನೀಲಿ ಕಣ್ಣಿನ, ಬಿಳಿ ಚರ್ಮದ ಯುರೋಪಿನ ಮುಖವಲ್ಲವೇ? ನಜರೇತಿನ ಆ ಹೆಣ್ಣುಮಗಳ ಮೈಬಣ್ಣವನ್ನು ನಾವು ಬದಲಿಸಿದ್ದು ಯಾವ ಆದರ್ಶಕ್ಕಾಗಿ? ಮಗುವಿನ ಕಣ್ಣಿಗೆ ತರಬೇತಿ ಕೊಡುವವರಲ್ಲಿ ನಾವೂ ಇದ್ದೇವೆ.

ರಹಸ್ಯದ ವಿಷಯದಲ್ಲಂತೂ ಈ ಚಿತ್ರ ನಮಗೆ ಕನ್ನಡಿ. ಮ್ಯಾಟೆಲ್ ಕಾಪಾಡಿದ್ದು ವ್ಯಾಪಾರದ ಗುಟ್ಟನ್ನು. ನಾವು ಕಾಪಾಡಿದ್ದರಲ್ಲಿ ಗಾಯಗೊಂಡ ಮಕ್ಕಳ ಕಣ್ಣೀರೂ ಸೇರಿತ್ತು. ಯಾಜಕರಿಂದ ನಡೆದ ಲೈಂಗಿಕ ದೌರ್ಜನ್ಯದ ಪ್ರಕರಣಗಳಿಗೆ ಅನ್ವಯಿಸುತ್ತಿದ್ದ 'ಪಾಪಲ್ ರಹಸ್ಯ'ವನ್ನು ವಿಶ್ವಗುರು ಫ್ರಾನ್ಸಿಸ್ ಅವರು ರದ್ದುಗೊಳಿಸಿದ್ದು 2019ರ ಡಿಸೆಂಬರ್ 17ರಂದು. ಅಲ್ಲಿಯೂ ಬದಲಾವಣೆಗೆ ಮೊದಲ ಕಾರಣ ಒಳಗಿನ ಪ್ರವಾದಿಗಳಷ್ಟೇ ಅಲ್ಲ. ಹೊರಗಿನ ನ್ಯಾಯಾಲಯಗಳು, ಪತ್ರಿಕೆಗಳು, ಎಲ್ಲಕ್ಕಿಂತ ಮಿಗಿಲಾಗಿ ಸುಮ್ಮನಿರಲೊಪ್ಪದ ಸಂತ್ರಸ್ತರು. ನಮ್ಮ ಪಶ್ಚಾತ್ತಾಪವೂ ಅಪೂರ್ಣವಾಗಿಯೇ ಆರಂಭವಾಯಿತು.

ಹಲವು ವರ್ಷಗಳ ಹಿಂದಿನ ನನ್ನದೇ ಒಂದು ನೆನಪು ಇಲ್ಲಿ ಹೇಳದೆ ಇರಲಾರೆ. ನಾನು ಸಹಾಯಕ ಗುರುವಾಗಿದ್ದ ಧರ್ಮಕೇಂದ್ರವೊಂದರಲ್ಲಿ ಹಣದ ದುರುಪಯೋಗ ಬೆಳಕಿಗೆ ಬಂದಿತು. ಭಕ್ತಾದಿಗಳಿಗೆ ಓದಿಹೇಳುವ ಪತ್ರವನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ರಾತ್ರಿಯಿಡೀ ಪದಗಳನ್ನು ತೂಗಿದೆ. 'ಲೋಪ' ಎಂದೆ, 'ಅಚಾತುರ್ಯ' ಎಂದೆ, 'ಸೂಕ್ತ ಕ್ರಮ' ಎಂದೆ. ಪತ್ರ ಚೆನ್ನಾಗಿದೆಯೆಂದು ಹಿರಿಯರು ಮೆಚ್ಚಿದರು, ನನಗೂ ಸಮಾಧಾನವಾಯಿತು. ಭಾನುವಾರದ ಬಲಿಪೂಜೆ ಮುಗಿದ ಮೇಲೆ ವಯಸ್ಸಾದ ಒಬ್ಬ ತಾಯಿ ಬಂದು ಕೇಳಿದರು: "ಫಾದರ್, ಕಾಗದ ಪೂರ್ತಿ ಕೇಳಿಸಿಕೊಂಡೆ. ಯಾರು ಏನು ಮಾಡಿದರು ಅಂತ ಅದರಲ್ಲಿ ಇರಲೇ ಇಲ್ಲವಲ್ಲ?" ಎಲ್ ಸೆಗುಂಡೊದ ಆ ಕೋಣೆಯಲ್ಲಿ ಪದಗಳನ್ನು ಆರಿಸುತ್ತಿದ್ದವರನ್ನು ತೆರೆಯ ಮೇಲೆ ಕಂಡಾಗ ನನಗೆ ನಗು ಬರಲಿಲ್ಲ. ಆ ಕೋಣೆ ನನಗೆ ಪರಿಚಿತವಾಗಿತ್ತು.

ಬಾರ್ಬಿಯ ಸೃಷ್ಟಿಕರ್ತೆ ರೂತ್ ಹ್ಯಾಂಡ್ಲರ್ ಅವರ ಬದುಕನ್ನು ಚಿತ್ರ ಹಳೆಯ ದೃಶ್ಯಗಳ ಮೂಲಕ ಮುಂದಿಡುತ್ತದೆ. 1945ರಲ್ಲಿ ಪತಿ ಎಲಿಯಟ್ ಮತ್ತು ಹೆರಾಲ್ಡ್ ಮ್ಯಾಟ್ಸನ್ ಅವರೊಡನೆ ಸಂಸ್ಥೆ ಕಟ್ಟಿದವರು ಅವರು. ಜರ್ಮನಿಯಲ್ಲಿ ದೊಡ್ಡವರಿಗಾಗಿ ಮಾರುತ್ತಿದ್ದ ಲಿಲ್ಲಿ ಎಂಬ ಗೊಂಬೆಯ ಮಾದರಿಯಲ್ಲಿ, ಮಗಳು ಬಾರ್ಬರಾಳ ಹೆಸರಿನಲ್ಲಿ, ತುಂಬಿದ ಎದೆಯ ಗೊಂಬೆಯನ್ನು ಮಕ್ಕಳ ಲೋಕಕ್ಕೆ ತಂದರು. 1970ರಲ್ಲಿ ಸ್ತನ ಕ್ಯಾನ್ಸರಿನಿಂದ ಅವರದೇ ಒಂದು ಸ್ತನವನ್ನು ತೆಗೆಯಬೇಕಾಯಿತು. 1978ರಲ್ಲಿ ಸಂಸ್ಥೆಯ ಸುಳ್ಳು ಲೆಕ್ಕಪತ್ರಗಳ ಪ್ರಕರಣದಲ್ಲಿ ಅವರ ಮೇಲೆ ಆರೋಪಪಟ್ಟಿ ಸಲ್ಲಿಕೆಯಾಯಿತು. ಅವರು ಆರೋಪವನ್ನು ಎದುರಿಸಿ ವಾದಿಸಲಿಲ್ಲ. ದಂಡದ ಜೊತೆಗೆ 2,500 ಗಂಟೆಗಳ ಸಮಾಜಸೇವೆಯ ಶಿಕ್ಷೆಯಾಯಿತು. ಈ ವರ್ಷಗಳಲ್ಲೇ ಅವರು ಸ್ತನ ಕಳೆದುಕೊಂಡ ಹೆಂಗಸರಿಗಾಗಿ 'ನಿಯರ್ಲಿ ಮಿ' ಎಂಬ ಕೃತಕ ಸ್ತನವನ್ನು ರೂಪಿಸಿ, ತಾವೇ ಮುಂದೆ ನಿಂತು ಅದನ್ನು ಹೆಂಗಸರಿಗೆ ಹೊಂದಿಸಿಕೊಡತೊಡಗಿದ್ದರು. ಇದೂ ವ್ಯಾಪಾರವೇ. ಆದರೆ ಇಲ್ಲಿ ತಯಾರಕಳ ದೇಹವೂ ಗಾಯಗೊಂಡಿತ್ತು, ಮತ್ತು ಆ ಗಾಯವನ್ನು ಅವರು ಬಚ್ಚಿಡಲಿಲ್ಲ.

ಸಂತ ಯೊವಾನ್ನನ ಶುಭಸಂದೇಶದಲ್ಲಿ ಪುನರುತ್ಥಾನರಾದ ಕ್ರಿಸ್ತರು ತೋಮನಿಗೆ ತೋರಿಸಿದ್ದು ಕಲೆಯಿಲ್ಲದ ದೇಹವನ್ನಲ್ಲ. ಶಿಷ್ಯರು ಭಯದಿಂದ ಮುಚ್ಚಿಕೊಂಡಿದ್ದ ಕೋಣೆಯೊಳಗೆ ಬಂದು ಅವರು ಮೊದಲು ತೋರಿಸಿದ್ದು ಕೈಗಳ ಮತ್ತು ಪಕ್ಕೆಯ ಗಾಯಗಳನ್ನು. ಮುಚ್ಚಿದ ಕೋಣೆಗಳಿಗೆಲ್ಲ ಇದು ಅಳತೆಗೋಲು. 'ಟೈನಿ ಶೋಲ್ಡರ್ಸ್' ಬಾಗಿಲನ್ನು ತೆರೆಯುತ್ತದೆ, ದೀಪ ಹಚ್ಚುತ್ತದೆ, ಒಳಗಿನವರನ್ನು ಪ್ರೀತಿಯಿಂದ ತೋರಿಸುತ್ತದೆ. ಗಾಯಗಳ ಹತ್ತಿರ ಬಂದಾಗ ಮಾತ್ರ ಸ್ವಲ್ಪ ಬೇಗ ಮುಂದೆ ಸಾಗುತ್ತದೆ. ಅಷ್ಟರಮಟ್ಟಿಗೆ ಅದು ಅಪೂರ್ಣ ಕೃತಿ.

ಆದರೂ ಗುರುಮಠದ ವಿದ್ಯಾರ್ಥಿಗಳು ಇದನ್ನು ನೋಡಬೇಕೆಂದೇ ನನ್ನ ಶಿಫಾರಸು. ಪಾಪನಿವೇದನೆಯ ಪಾಠ ಮುಗಿದ ವಾರದಲ್ಲಿ ನೋಡಿದರೆ ಇನ್ನೂ ಒಳ್ಳೆಯದು. ನೋಡಿದ ಮೇಲೆ ಪ್ರತಿಯೊಬ್ಬರೂ ತಮ್ಮ ಧರ್ಮಕೇಂದ್ರದ ಯಾವುದಾದರೊಂದು ಹಳೆಯ ಪ್ರಕಟಣೆಯನ್ನು ಎದುರಿಗಿಟ್ಟುಕೊಂಡು, ಆ ತಾಯಿ ನನಗೆ ಕೇಳಿದ ಪ್ರಶ್ನೆಯನ್ನು ಅದಕ್ಕೆ ಕೇಳಲಿ. ನನ್ನ ತರಗತಿಯಲ್ಲಿ ಹಾಗೆ ಮಾಡಿದ ದಿನ, ಮೊದಲು ನಕ್ಕವರು ಯಾರೂ ನಗಲಿಲ್ಲ.