ರವಿವರ್ಮನ ವರುಣಗರ್ವಭಂಗ

ಚನ್ನಪಟ್ಟಣದ ಸೀಮೆಯವರಿಗೆ ಕಡಲು ಕಣ್ಣಿಗಿಂತ ಕಿವಿಗೆ ಹೆಚ್ಚು ಪರಿಚಿತವಾದುದು. ಹಿರಿದಾದ ನೀರೆಂದರೆ ಕಣ್ವ ಜಲಾಶಯವೇ ಆಗಿರುವ ಈ ಒಳನಾಡಿನಲ್ಲಿ ಸಮುದ್ರವೆಂಬುದು ಅನೇಕರ ಪಾಲಿಗೆ ರಾಮಾಯಣ ಪಾರಾಯಣದಲ್ಲಿ ಕೇಳಿದ ಸಮುದ್ರವೇ ಸರಿ. ಅಂತಹ ಸಹೃದಯರು ಮೈಸೂರಿಗೆ ಹೋದಾಗ, ಜಗನ್ಮೋಹನ ಅರಮನೆಯ ಚಿತ್ರಶಾಲೆಯ ಸಂಗ್ರಹಕ್ಕೆ ಸೇರಿದ ರಾಜಾ ರವಿವರ್ಮನ ವರುಣಗರ್ವಭಂಗದ ತೈಲಚಿತ್ರವನ್ನು ಸಾವಧಾನವಾಗಿ ಅವಲೋಕಿಸತಕ್ಕದ್ದು.

1897ರಲ್ಲಿ ಮೈಸೂರಿನ ಹಳೆಯ ಅರಮನೆಯು ಅಗ್ನಿಗೆ ಆಹುತಿಯಾದ ತರುವಾಯ, ನಾಲ್ವಡಿ ಕೃಷ್ಣರಾಜ ಒಡೆಯರವರು ಹೊಸ ಅರಮನೆಗಾಗಿ ರವಿವರ್ಮನಿಂದ ಪೌರಾಣಿಕ ಚಿತ್ರಗಳನ್ನು ಬರೆಯಿಸಿದರು. ಇದು ಅವುಗಳಲ್ಲೊಂದು. 1906ರಲ್ಲಿ ಚಿತ್ರಕಾರನು ಕಾಲವಾದನಾದುದರಿಂದ ಇದನ್ನು ಆತನ ಪರಿಣತ ವಯಸ್ಸಿನ ಕೃತಿಯೆನ್ನಬೇಕು. ಕಾರ್ಮುಗಿಲು, ಮಿಂಚು, ಬಂಡೆಗೆ ಬಡಿದು ನೊರೆಯಾಗುವ ತೆರೆ. ಬಂಡೆಯ ಮೇಲೆ ಧನುರ್ಧಾರಿಯಾದ ಶ್ರೀರಾಮ. ತೆರೆಗಳ ನಡುವಿನಿಂದೆದ್ದು ಮೊರೆಯಿಡುವ ವರುಣ: ಇದಿಷ್ಟು ಚಿತ್ರದ ವಸ್ತು.

ಐರೋಪ್ಯ ಯಥಾರ್ಥವಾದಿಗಳಲ್ಲಿ ಅಗ್ರಗಣ್ಯನಾದ ಫ್ರಾನ್ಸಿನ ಗುಸ್ತಾವ್ ಕೂರ್ಬೆಯು 1869ರಲ್ಲಿ ಎತ್ರೆತಾ ಎಂಬ ಕಡಲೂರಿನಲ್ಲಿ ತಂಗಿ ಕಡಲ ತೆರೆಗಳನ್ನು ಮತ್ತೆ ಮತ್ತೆ ಚಿತ್ರಿಸಿದನು. ಆ ಚಿತ್ರಗಳಲ್ಲಿ ದೇವತೆಯಿಲ್ಲ, ಪುರಾಣವಿಲ್ಲ. ಕಣ್ಣಿಗೆ ಕಾಣುವುದನ್ನೇ ಬರೆಯತಕ್ಕದ್ದೆಂಬುದು ಅವನ ವ್ರತ. ರವಿವರ್ಮನು ಐರೋಪ್ಯರ ತೈಲವರ್ಣದ ವಿಧಾನವನ್ನು ಸ್ವೀಕರಿಸಿದನೇ ಹೊರತು ಆ ವ್ರತವನ್ನು ಸ್ವೀಕರಿಸಲಿಲ್ಲ. ಆದುದರಿಂದಲೇ ಆಕ್ಷೇಪವೊಂದು ಹುಟ್ಟುತ್ತದೆ: ಇಲ್ಲಿನ ನೀರು ನಿಜವಾದ ನೀರು, ವರುಣನಾದರೋ ನಾಟಕಶಾಲೆಯಿಂದ ಬಂದ ಪಾತ್ರಧಾರಿ, ಇವೆರಡೂ ಒಂದೇ ಪಟದಲ್ಲಿ ಹೇಗೆ ಹೊಂದಿಯಾವು?

ಆಕ್ಷೇಪವು ನಿರಾಧಾರವಾದುದಲ್ಲ. ಕವಿಗೆ ಸಾಗರವೆಂಬ ಒಂದೇ ಶಬ್ದವು ಜಲರಾಶಿಯನ್ನೂ ಅದರ ಅಧಿದೇವತೆಯನ್ನೂ ಒಟ್ಟಿಗೆ ಬೋಧಿಸುತ್ತದೆ. ಕುಂಚಕ್ಕೆ ಆ ಸೌಕರ್ಯವಿಲ್ಲ. ಅದು ನೀರನ್ನು ಬೇರೆಯಾಗಿ, ದೇವತೆಯನ್ನು ಬೇರೆಯಾಗಿ ತೋರಿಸಲೇಬೇಕು. ತೆರೆಯು ನಿಜವಾದಷ್ಟೂ ದೇವತೆಯು ಕೃತಕವಾಗಿ ಕಾಣುವುದು ಅನಿವಾರ್ಯ.

ಆದರೆ ಮೂಲಕಥೆಯನ್ನು ಸ್ಮರಿಸಿದರೆ ಈ ವಿರೋಧಕ್ಕೆ ಬೇರೊಂದು ಅರ್ಥವು ದೊರೆಯುತ್ತದೆ. ವಾಲ್ಮೀಕಿಯ ಯುದ್ಧಕಾಂಡದಲ್ಲಿ ಶ್ರೀರಾಮನು ದರ್ಭಶಯನನಾಗಿ ಮೂರು ರಾತ್ರಿ ಕಾದರೂ ಸಾಗರನು ಮೈದೋರನು. ಕ್ರುದ್ಧನಾದ ರಾಮನು ಬ್ರಹ್ಮಾಸ್ತ್ರವನ್ನು ಹೂಡಿದಾಗ ಸಾಗರನು ಎದ್ದು ಬಂದು ಶರಣಾಗುತ್ತಾನೆ. ಆಗಲೂ ಆತನು ತಪ್ಪೊಪ್ಪಿಗೆಗಿಂತ ಮೊದಲು ನುಡಿಯುವುದು ತನ್ನ ಸ್ವಭಾವದ ಮಾತನ್ನು. ಪಂಚಭೂತಗಳು ತಮ್ಮ ತಮ್ಮ ಸ್ವಭಾವದಲ್ಲಿಯೇ ನಿಂತಿರುವುವು. ಅಗಾಧವಾಗಿ ದಾಟಲಶಕ್ಯವಾಗಿರುವುದೇ ತನ್ನ ಸ್ವಭಾವ ಎಂಬುದು ಅದರ ತಾತ್ಪರ್ಯ. ರಾಮನು ಆ ಸಮಾಧಾನವನ್ನು ಅಂಗೀಕರಿಸಿದನು. ಕಡಲು ಬತ್ತಲಿಲ್ಲ, ಅದರ ಮೇಲೆ ಸೇತುವೆಯಾಯಿತು.

ವಸ್ತುಸ್ವಭಾವವನ್ನು ಕೆಡಿಸದೆ ಬರೆಯುವುದೇ ಯಥಾರ್ಥವಾದದ ಸಾರವಾಗಿದ್ದರೆ, ಸಾಗರನ ವಾದವನ್ನು ರವಿವರ್ಮನ ಕುಂಚವು ಸಮರ್ಥಿಸಿತೆನ್ನಬೇಕು. ಪಟದಲ್ಲಿ ವರುಣನು ಶರಣಾಗಿದ್ದಾನೆ. ತೆರೆಗಳು ಮಾತ್ರ ಬಂಡೆಯನ್ನು ಹೊಡೆಯುತ್ತಲೇ ಇವೆ. ಪುರಾಣಪುರುಷನಾದ ವರುಣನ ರೂಪದಲ್ಲಿ ಕೃತಕತೆಯುಂಟೆಂಬುದನ್ನು ಒಪ್ಪಿಕೊಂಡ ಬಳಿಕವೂ ಚಿತ್ರವು ನಿಲ್ಲುವುದು ಈ ಕಾರಣದಿಂದ. ಮನೆಯ ಗೋಡೆಯ ಅಚ್ಚಿನ ಪಟಗಳಲ್ಲಿ ದೇವರ ಮುಖವನ್ನೇ ಮೊದಲು ಹುಡುಕುವ ಅಭ್ಯಾಸವುಳ್ಳವರು ಇಲ್ಲಿ ನೀರನ್ನು ಮೊದಲು ನೋಡಲಿ. ರಾಮನು ಅಸ್ತ್ರವನ್ನು ಹೂಡಿಯೂ ಕಡಲನ್ನು ಉಳಿಸಿದುದರ ಮಹಿಮೆಯು ಆಗ ಕಣ್ಣಿಗೇ ವಿದಿತವಾದೀತು.