ಚನ್ನಪಟ್ಟಣದ ಬಳೆ ಮತ್ತು ಓಲೆ

ದಿಲ್ಲಿ ಹಾಟ್‌ಗೆ ಹೋದ ಕನ್ನಡಿಗರು ಚನ್ನಪಟ್ಟಣದ ಅಂಗಡಿ ಕಂಡರೆ ಸುಮ್ಮನೆ ದಾಟಿ ಹೋಗುವುದಿಲ್ಲ. ಊರಿನ ಮಾತು ಕಿವಿಗೆ ಬಿದ್ದ ಸಂತೋಷಕ್ಕೇ ಅರ್ಧ ವ್ಯಾಪಾರ ಮುಗಿದಿರುತ್ತದೆ. ಈಚೆಗೆ ನಾವೂ ಒಂದು ಜೊತೆ ಬಳೆ, ಒಂದು ಜೊತೆ ಓಲೆ ತಂದೆವು. ಬೊಂಬೆಯ ಜೊತೆಗೆ ಈಗ ಇಂಥ ಅಲಂಕಾರದ ಸಾಮಾನುಗಳೂ ತಯಾರಾಗುತ್ತವೆ. ಕುಶಲಕರ್ಮಿಗಳಿಗೆ ನೆರವಾಗಲೆಂದು ನಗರದ ವಿನ್ಯಾಸಕಾರರು ನಕ್ಷೆ ಬರೆದುಕೊಡುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ಉದ್ದೇಶವನ್ನು ಮೆಚ್ಚಿ ವಸ್ತುವನ್ನು ಪರೀಕ್ಷಿಸದೆ ಬಿಡುವುದು ಸರಿಯಲ್ಲ.

ಮೊದಲು ಬಳೆ. ಹಾಲೆ ಮರದ ತುಂಡು ಲೇತಿನಲ್ಲಿ ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಘರ್ಷಣೆಯ ಶಾಖಕ್ಕೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಬಳಿಕ ಒಣಗಿದ ಕೇದಗೆ ಎಲೆಯಿಂದ ಉಜ್ಜಿ ಹೊಳಪು ಬರಿಸುತ್ತಾರೆ. ಲೇತಿಗೆ ಒಲಿಯುವುದು ದುಂಡನೆಯ ಆಕಾರ, ಬಳೆಯೂ ದುಂಡು. ಹಳದಿಯ ಪಕ್ಕದಲ್ಲಿ ಕೆಂಪು ಗೆರೆ ಕದಡದೆ ನಿಂತಿರುವುದು ಕೈಯ ಹದದಿಂದ. ಇಲ್ಲಿ ನಕ್ಷೆ ಕಸುಬನ್ನು ಅರಿತುಕೊಂಡಿದೆ.

ಓಲೆಯ ಮಾತು ಬೇರೆ. ಚಪ್ಪಟೆ ಹಲಗೆಯನ್ನು ಎಲೆಯಾಕಾರಕ್ಕೆ ಕತ್ತರಿಸಿ ಬಣ್ಣ ಬಳಿದಿದ್ದಾರೆ. ನೋಡಲು ಅಂದ, ಕಿವಿಗೆ ಹಗುರ, ನಿಜ. ಆದರೆ ಇದರಲ್ಲಿ ಕಡೆತವೆಲ್ಲಿ, ಅರಗೆಲ್ಲಿ? ಇಂಥದನ್ನು ಯಾವ ಊರಿನ ಕಾರ್ಖಾನೆಯಾದರೂ ರಾಶಿ ರಾಶಿ ಮಾಡಬಲ್ಲದು. ಆಗ ಬೆಲೆಯ ಪೈಪೋಟಿಯಲ್ಲಿ ಸೋಲುವವನು ನಮ್ಮ ಕಸುಬುದಾರನೇ. ಚನ್ನಪಟ್ಟಣದ ಆಟಿಕೆಗಳಿಗೆ 2005-06ರಲ್ಲೇ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಅದು ಹೆಸರನ್ನು ಕಾಯಬಹುದು. ಕೈಗೆ ಕೆಲಸ ಕೊಡಬೇಕಾದದ್ದು ನಕ್ಷೆ.

ಬಳೆಯಲ್ಲೂ ಕೊರತೆಯಿಲ್ಲದೆ ಇಲ್ಲ. ಅಲ್ಲಿದ್ದದ್ದು 2-4ರ ಅಳತೆ ಒಂದೇ. ಅಂದರೆ ಒಳವ್ಯಾಸ ಎರಡು ಅಂಗುಲದ ಮೇಲೆ ಹದಿನಾರರಲ್ಲಿ ನಾಲ್ಕು ಪಾಲು. 2-6ಕ್ಕೂ ಇದಕ್ಕೂ ಇರುವ ಅಂತರ ಸುಮಾರು 3 ಮಿಲಿಮೀಟರು ಮಾತ್ರ. ಆದರೆ ಮರ ಹಿಗ್ಗುವುದಿಲ್ಲ. ನಮ್ಮ ಮನೆಯವರ ಕೈಗೆ ಏರದೆ ಬಳೆ ಮಗಳ ಪಾಲಾಯಿತು. ಮಗಳಿಲ್ಲದವರು ಕೊಳ್ಳದೆ ಹೋಗುತ್ತಾರೆ. ಉಳಿದ ಸರಕನ್ನು ಮತ್ತೆ ಮೂಟೆ ಕಟ್ಟಿ ರೈಲಿಗೆ ಹೊರುವವನು ನಕ್ಷೆ ಬರೆದವನಲ್ಲ.

ಇನ್ನೊಂದು ಮಾತು. ಪೊಟ್ಟಣದ ಮೇಲೆ ವಿನ್ಯಾಸ ಮಾಡಿದವರ ಹೆಸರಿತ್ತು, ಕಡೆದವರ ಹೆಸರಿರಲಿಲ್ಲ. ಎರಡೂ ಇರಬೇಕು.

ಮುಂದಿನ ಸಲ ಕೊಳ್ಳುವಾಗ, ಇದನ್ನು ಕಡೆದವರು ಯಾರು, ಬೇರೆ ಅಳತೆ ಉಂಟೇ ಎಂದು ಕೇಳೋಣ. ಕನಿಕರದಿಂದ ಕೊಂಡದ್ದು ಪೆಟ್ಟಿಗೆ ಸೇರುತ್ತದೆ. ಮೆಚ್ಚಿ ಕೊಂಡದ್ದು ಇನ್ನೊಮ್ಮೆ ಕೊಳ್ಳಿಸುತ್ತದೆ. ಕುಶಲಕರ್ಮಿಯ ಮನೆಯ ಒಲೆ ಉರಿಯುವುದು ಆ ಇನ್ನೊಮ್ಮೆಯಿಂದಲೇ.